ಚೀನೀ ಗಾಡಿ, ಮೊಳೆ ಗೋಡೆ ಮತ್ತು ಆ ಪಲ್ಲವಿ

ಸ್ಪೇರ್ ಪಾರ್ಟ್ಸ್ ಕೌಂಟರಿನ ಹಿಂದೆ ಹೊಸದಾಗಿ ನಿಲ್ಲುವವರು ಕೇಳಿದರೆ ನಾನು ಹೇಳುವುದು ಎರಡೇ ಮಾತು. ಮೊದಲನೆಯದು, ಚೀನೀ ಗಾಡಿಯ ಟ್ಯಾಂಕಿನ ಮೇಲೆ ಬರೆದಿರುವ ಹೆಸರನ್ನು ನಂಬಬೇಡಿ. ಎರಡನೆಯದು, ನಿಮ್ಮ ಪಕ್ಕದ ಸ್ಟೂಲಿನ ಮೇಲೆ ನಿಮಗಿಂತ ಚುರುಕಾದವರು ಬಂದು ಕೂತರೆ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡಿ, ಅದಕ್ಕೆ ಮದ್ದಿಲ್ಲ. ಮೊದಲನೆಯದನ್ನು ನನಗೆ ಕೆಲಸ ಕಲಿಸಿತು. ಎರಡನೆಯದನ್ನು ಪಲ್ಲವಿ ಕಲಿಸಿದಳು.

ನಾನು ಹುಬ್ಬಳ್ಳಿಯವಳು. ಅಪ್ಪನದು ಮೋಟರ್ ಸೈಕಲ್ ಬಿಡಿಭಾಗಗಳ ಅಂಗಡಿ. ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ವಾಷರ್‌ಗಳನ್ನು ಅಳತೆಯ ಪ್ರಕಾರ ಆರಿಸಿ ಡಬ್ಬಿಗೆ ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು. ಮದುವೆಯಾದದ್ದು ಡಾಕ್ಟರನ್ನು. ನಮ್ಮನೆಯವರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಎಜ್‌ಬಾಸ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ, ಹಾರ್ಬೋರ್ನ್‌ನಲ್ಲಿ ಮನೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಉಳಿದ ಡಾಕ್ಟರುಗಳ ಹೆಂಡಂದಿರು ಯೋಗ ಕ್ಲಾಸಿಗೆ ಸೇರಿದರು. ನಾನು ಊರೊಳಗೆ ಡಿಗ್‌ಬೆತ್‌ನಲ್ಲಿ, ರೈಲು ಹಳಿಯ ಕಮಾನಿನ ಕೆಳಗಿದ್ದ ಒಂದು ಮೋಟರ್ ಸೈಕಲ್ ವರ್ಕ್‌ಶಾಪ್ ಸೇರಿದೆ. "ಡಾಕ್ಟರ್ ಹೆಂಡತಿ ಕೈಗೆ ಗ್ರೀಸಾ?" ಎಂದು ಇಲ್ಲಿನ ಕನ್ನಡದವರ ಯುಗಾದಿ ಊಟದ ಸಾಲಿನಲ್ಲಿ ಹಿಂದಿನಿಂದ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಹೋಳಿಗೆ ಕೈಯಲ್ಲಿತ್ತು, ಅದನ್ನೇ ಜಗಿದೆ.

ವರ್ಕ್‌ಶಾಪಿನ ಯಜಮಾನ ಡೆರೆಕ್. ರಿಪೇರಿ ಮಾಡುವವನೂ ಅವನೇ, ಬೈಯುವವನೂ ಅವನೇ. ಬರ್ಮಿಂಗ್‌ಹ್ಯಾಮ್‌ನ ಹಳಬರು ತಮಗೆ ಹತ್ತಿರವಾದವರನ್ನು 'ಬ್ಯಾಬ್' ಎಂದು ಕರೆಯುತ್ತಾರೆ. ನಮ್ಮ ಕಡೆ 'ಅವ್ವಾ, ತಂಗಿ' ಅಂದ ಹಾಗೆ. ಡೆರೆಕ್ ನನ್ನನ್ನು ಬ್ಯಾಬ್ ಎಂದು ಕರೆಯಲು ಹಿಡಿದದ್ದು ಎರಡು ಚಳಿಗಾಲ. ಅಲ್ಲಿಯವರೆಗೆ ಬರೀ 'ನೀನು'. ಆ ಮಾತು ಬಾಯಿಂದ ಬಿದ್ದ ದಿನ ನಾನು ಮನೆಗೆ ಬಂದು ಕೇಸರಿಬಾತು ಮಾಡಿದ್ದೆ. ಯಾಕೆ ಎಂದು ನಮ್ಮನೆಯವರು ಕೇಳಿದರು, ನಾನು ಇನ್ನಷ್ಟು ಬಡಿಸಿದೆ.

ಚೀನೀ ಗಾಡಿಗಳ ವಿಷಯಕ್ಕೆ ಬರುತ್ತೇನೆ. ನಾನು ಸೇರಿದ ಸ್ವಲ್ಪ ಕಾಲಕ್ಕೆ ಅವು ಒಂದೊಂದಾಗಿ ಕಮಾನಿನೊಳಗೆ ಬರತೊಡಗಿದವು. ಸಣ್ಣ ಎಂಜಿನ್ನಿನ, ಅಗ್ಗದ, ಎರಡು ಮೂರು ಕೈ ದಾಟಿದ ಗಾಡಿಗಳು. ಕಲಿಯುವ ಹುಡುಗರು, ಊಟ ತಲುಪಿಸುವವರು, ಆಸ್ಪತ್ರೆಯ ಪಾಳಿ ಹಿಡಿಯಲು ಓಡುವ ನರ್ಸುಗಳು ಅವನ್ನು ಕೊಳ್ಳುತ್ತಿದ್ದರು. ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಆ ಉಪ್ಪಿಗೆ ಈ ಗಾಡಿಗಳ ಬೋಲ್ಟುಗಳು ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಹಪ್ಪಳವಾಗುತ್ತಿದ್ದವು. ಗಾಡಿ ಕೆಟ್ಟಾಗ ಮಾರಿದವನನ್ನು ಹುಡುಕಿದರೆ ಅವನಿಲ್ಲ, ಆಮದು ಮಾಡಿದವನನ್ನು ಹುಡುಕಿದರೆ ಅವನ ಬಾಗಿಲು ಮುಚ್ಚಿದೆ. ಒಂದೇ ಗಾಡಿಯನ್ನು ಇಬ್ಬರು ತರಿಸಿ ಎರಡು ಹೆಸರು ಅಂಟಿಸಿರುತ್ತಾರೆ. ಒಂದೇ ಹೆಸರಿನ ಕೆಳಗೆ ಈ ವರ್ಷ ಒಂದು ಕಾರ್ಖಾನೆಯ ಎಂಜಿನ್ನು, ಮುಂದಿನ ವರ್ಷ ಇನ್ನೊಂದರದು. ಆದರೆ ಅಂಟಿಸಿದ ಹೆಸರನ್ನು ಕಿತ್ತು ನೋಡಿದರೆ ಬಹುಪಾಲು ಎಲ್ಲವೂ ಯಾವುದೋ ಹಳೆಯ ಜಪಾನಿ ಎಂಜಿನ್ನಿನ ನಕಲು. ಅದನ್ನು ಹಿಡಿದುಕೊಂಡರೆ ದಾರಿ ಸಿಗುತ್ತದೆ.

ಇದು ಗೊತ್ತಾದದ್ದು ಒಂದು ಬ್ರೇಕ್ ಶೂ ತಪ್ಪಿದ ಮೇಲೆ. ಟ್ಯಾಂಕಿನ ಮೇಲಿನ ಹೆಸರು ಹೇಳಿ ತರಿಸಿದ್ದೆ. ಬಂದದ್ದು ಚಕ್ರದೊಳಗೆ ಹೋಗಲೇ ಇಲ್ಲ. ಅದೇ ಹೆಸರಿನ ಇನ್ನೊಂದು ಗಾಡಿಯ ಶೂ ಅದು. ಡೆರೆಕ್ ಅದನ್ನು ನನ್ನ ಮುಂದಿಟ್ಟು, "ಇದನ್ನು ನಿನ್ನ ಕಾಲಿಗೆ ಹಾಕಿಕೋ" ಅಂದ. ಅವತ್ತೇ ನಾನು ಕೌಂಟರಿನ ಹಿಂದಿನ ಗೋಡೆಗೆ ಹಲಗೆ ಬಡಿಸಿದೆ, ತುಂಬ ಮೊಳೆ ಹೊಡೆದೆ. ಆಮೇಲೆ ಯಾವ ಗಾಡಿಯಿಂದ ಯಾವ ಪಾರ್ಟು ಸತ್ತು ಬಿದ್ದರೂ ಬಿಸಾಡದೆ ತೊಳೆದು ಮೊಳೆಗೆ ನೇತು ಹಾಕಿದೆ. ಅದರ ಜಾಗಕ್ಕೆ ಕೊನೆಗೆ ಏನು ಕೂತಿತೋ ಅದನ್ನು ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದೆ. ಗಿರಾಕಿ ಮುರಿದ ಸಾಮಾನು ತಂದರೆ ಅದನ್ನು ಕೈಯಲ್ಲಿ ಹಿಡಿದು ಗೋಡೆಯ ಉದ್ದಕ್ಕೂ ನಡೆಯುವುದು, ತೂತಿಗೆ ತೂತು, ಹಲ್ಲಿಗೆ ಹಲ್ಲು ಹೊಂದಿಸಿ ನೋಡುವುದು. ಜಾತಕ ಕೂಡಿಸುವವರೂ ಅಷ್ಟು ನಿಷ್ಠೆಯಿಂದ ಕೂಡಿಸಲಿಕ್ಕಿಲ್ಲ.

ಆ ಗೋಡೆಯಿಂದ ನನಗೆ ಹೆಸರು ಬಂತು. ಬೇರೆ ವರ್ಕ್‌ಶಾಪಿನವರು ಫೋನ್ ಮಾಡಿ "ಗೋಡೆಯ ಹೆಂಗಸು ಇದ್ದಾಳಾ?" ಎಂದು ಕೇಳುವ ಹಾಗಾಯಿತು. ಕನ್ನಡದವರಿಗೆ ನಾನು ಸರೋಜಕ್ಕ. ಯೋಗ ಕ್ಲಾಸಿನ ಹೆಂಡಂದಿರ ಮಕ್ಕಳೂ ಗಾಡಿ ಕೆಟ್ಟರೆ ನನ್ನಲ್ಲಿಗೇ ಬರಬೇಕು. ಆ ವರ್ಷಗಳಲ್ಲಿ ನಾನು ಯಾರ ಮೇಲೂ ಹೊಟ್ಟೆಕಿಚ್ಚು ಪಡಲಿಲ್ಲ. ಪಡುವ ಅಗತ್ಯವೇ ಇರಲಿಲ್ಲ.

ಪಲ್ಲವಿಯನ್ನು ಅಲ್ಲಿಗೆ ಕರೆತಂದವಳು ನಾನೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಬಾ ಅಂದ ಹಾಗೆ. ಬೆಂಗಳೂರಿನವಳು, ಮೂವತ್ತರ ಆಸುಪಾಸು, ಗಂಡನೊಂದಿಗೆ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಮನೆ. ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತು, "ಸಾಫ್ಟ್‌ವೇರ್ ಟೆಸ್ಟಿಂಗ್ ಸಾಕಾಗೋಗಿದೆ, ಕೈಯಲ್ಲಿ ಏನಾದ್ರೂ ಮುಟ್ಟೋ ಕೆಲಸ ಬೇಕು" ಅಂದಳು. ಡೆರೆಕ್ ಆಗ ಕೌಂಟರಿಗೆ ಇನ್ನೊಬ್ಬರು ಬೇಕು ಎನ್ನುತ್ತಿದ್ದ. ಪಾಪ, ನಮ್ಮ ಹುಡುಗಿ ಎಂದು ಕರೆದುಕೊಂಡು ಹೋದೆ.

ಮೊದಲ ದಿನವೇ ಅವಳು ನನ್ನನ್ನು 'ಆಂಟಿ' ಅಂದಳು. ಬಾಗಿಲು ದಾಟಿ ಬರುವ ಕನ್ನಡದವರೆಲ್ಲ ಅಕ್ಕ ಎನ್ನುವಾಗ ಇವಳಿಗೊಬ್ಬಳಿಗೆ ನಾನು ಆಂಟಿ. ಹೋಗಲಿ ಬಿಡು ಅಂದುಕೊಂಡೆ. ಬಿಡಲಾಗಲಿಲ್ಲ.

ಅವಳ ಕೆಲಸದ ರೀತಿಯೇ ಬೇರೆ. ಮುರಿದ ಪಾರ್ಟನ್ನು ಬಿಳಿ ಹಾಳೆಯ ಮೇಲಿಟ್ಟು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕು ಕಡೆಯಿಂದ ಫೋಟೋ ತೆಗೆಯುತ್ತಿದ್ದಳು. ಅದನ್ನು ಚೀನಾದಲ್ಲಿ ಯಾರೋ ಒಬ್ಬ ವ್ಯಾಪಾರಿಗೆ ಫೋನಿನಲ್ಲೇ ಕಳಿಸುತ್ತಿದ್ದಳು. ಇಬ್ಬರಿಗೂ ಬಾರದ ಭಾಷೆಯನ್ನು ಫೋನೇ ಅನುವಾದಿಸುತ್ತಿತ್ತು. ನಾವು ಮಲಗಿ ಏಳುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಒಂದು ಗಾಡಿಯ ಕೀಲಿ ಸ್ವಿಚ್ಚಿಗಾಗಿ ನಾನು ಸ್ಮೆಥಿಕ್‌ನ ಗುಜರಿಯಿಂದ ಹಿಡಿದು ಲೀಡ್ಸ್‌ನ ಅಂಗಡಿಯವರೆಗೆ ಹುಡುಕಿ ಸುಸ್ತಾಗಿದ್ದೆ. ಗಿರಾಕಿ ಬಸ್ಸಿನಲ್ಲಿ ಓಡಾಡುತ್ತಿದ್ದ. ಅವಳು ಬೆಳಗ್ಗೆ ಬ್ಯಾಗು ಕೆಳಗಿಡುತ್ತಲೇ, "ಆಂಟಿ, ಆ ಸ್ವಿಚ್ ಸಿಕ್ತು, ಆಗ್ಲೇ ಹೊರಟೋಗಿದೆ, ಟೆನ್ಷನ್ ತಗೋಬೇಡಿ" ಅಂದಳು.

ಟೆನ್ಷನ್ ತಗೋಬೇಡಿ ಅಂತೆ!

ಸ್ವಿಚ್ ಬಂತು, ಸರಿಯಾಗಿ ಕೂತಿತು. ಡೆರೆಕ್ ಕೀಲಿ ತಿರುಗಿಸಿ ದೀಪ ಹೊತ್ತಿದ್ದು ನೋಡಿ, "ಭೇಷ್, ಬ್ಯಾಬ್" ಅಂದ. ನಾನು "ಅದರಲ್ಲೇನಿದೆ" ಎನ್ನಲು ಬಾಯಿ ತೆರೆದೆ. ಅವನು ನೋಡುತ್ತಿದ್ದದ್ದು ಪಲ್ಲವಿಯನ್ನು. ನನಗೆ ಎರಡು ಚಳಿಗಾಲ ಬೇಕಾದ ಮಾತು ಅವಳಿಗೆ ಒಂದು ಬೇಸಿಗೆಯೂ ಮುಗಿಯುವ ಮೊದಲೇ ಸಿಕ್ಕಿಬಿಟ್ಟಿತ್ತು. ಅವತ್ತು ನಾನು ಗೋಡೆಯ ಮೇಲಿನ ಸೀಮೆಸುಣ್ಣದ ಬರಹವನ್ನೆಲ್ಲ ಒರೆಸಿ ಹೊಸದಾಗಿ ದಪ್ಪಕ್ಷರದಲ್ಲಿ ಬರೆದೆ. ಯಾರೂ ಗಮನಿಸಲಿಲ್ಲ.

ಆ ಶರತ್ಕಾಲದ ಶುರುವಿನಲ್ಲಿ ಡೆರೆಕ್ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಕಮಾನಿನ ಬಾಡಿಗೆ ಏರುತ್ತಿದೆ, ಚಳಿಗಾಲ ಕಳೆದ ಮೇಲೆ ಕೌಂಟರಿಗೆ ಒಬ್ಬರೇ ಸಾಕು, ಯಾರು ಎಂದು ಇನ್ನೂ ಯೋಚಿಸಿಲ್ಲ ಅಂದ. ಯೋಚಿಸುವುದೇನಿದೆ ಎಂದು ನನಗೆ ಅನ್ನಿಸಿತು. ಅದು ನನ್ನ ಕೌಂಟರು. ಮನೆಯಲ್ಲಿ ನಾನು ಡಾಕ್ಟರರ ಹೆಂಡತಿ, ಮಕ್ಕಳ ಶಾಲೆಯಲ್ಲಿ ಮಕ್ಕಳ ತಾಯಿ. ನಾನು ನಾನಾಗಿ ನಿಂತದ್ದು ಆ ಮೂರು ಮೊಳದ ಹಲಗೆಯ ಹಿಂದೆ ಮಾತ್ರ. ಅದೂ ಹೋದರೆ ಯೋಗ ಕ್ಲಾಸೇ ಗತಿ.

ಆಯುಧಪೂಜೆ ಬಂತು. ಪ್ರತಿ ವರ್ಷ ಆ ಕಮಾನಿನೊಳಗೆ ಪೂಜೆ ಮಾಡುತ್ತಿದ್ದವಳು ನಾನು. ಸ್ಪ್ಯಾನರುಗಳಿಗೆ ಒಂದೊಂದು ಬೊಟ್ಟು, ಬೆಂಚಿಗೆ ಹೂವು, ಬಾಗಿಲಲ್ಲಿ ಬೂದುಗುಂಬಳ ಒಡೆಯುವುದು. ಡೆರೆಕ್‌ಗೆ ಕುಂಬಳಕಾಯಿ ಒಡೆಯುವುದೆಂದರೆ ಪಂಚಪ್ರಾಣ, ಎಲೆಕ್ಷನ್ ಗೆದ್ದವನ ಹಾಗೆ ಎತ್ತಿ ಬಡಿಯುತ್ತಿದ್ದ. ಆ ವರ್ಷ ನನಗೆ ಮೈಯೆಲ್ಲ ಜ್ವರ, ಹಾಸಿಗೆಯಿಂದ ಏಳಲಾಗಲಿಲ್ಲ. "ನಾಳೆ ಇಟ್ಟುಕೊಳ್ಳಿ" ಎಂದು ಫೋನ್ ಮಾಡಿದೆ. "ಆಂಟಿ, ನಾನು ಮಾಡ್ತೀನಿ, ನೀವು ರೆಸ್ಟ್ ತಗೊಳ್ಳಿ" ಅಂದಳು.

ಮಧ್ಯಾಹ್ನ ಫೋನಿಗೆ ಫೋಟೋಗಳು ಬಂದವು. ನಾನು ಬರೀ ಸ್ಪ್ಯಾನರಿಗೆ ಬೊಟ್ಟಿಡುತ್ತಿದ್ದೆನಲ್ಲ, ಅವಳು ರಿಪೇರಿಗೆ ಬಂದು ನಿಂತಿದ್ದ ಗಿರಾಕಿಗಳ ಗಾಡಿಗಳಿಗೆಲ್ಲ ಪೂಜೆ ಮಾಡಿದ್ದಳು. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ದೀಪದ ಮೇಲೆ, ಟ್ಯಾಂಕಿನ ಮೇಲೆ, ಪೆಟ್ರೋಲ್ ಮುಚ್ಚಳದ ಮೇಲೆ ಗಂಧ, ಅದರ ನಡುವೆ ಕುಂಕುಮ. ಗಾಡಿ ತೆಗೆದುಕೊಂಡು ಹೋಗಲು ಬಂದವರು ನಕ್ಕು ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದರು. ಡೆರೆಕ್‌ನ ಹಣೆಗೂ ಒಂದು ಬೊಟ್ಟು! ನನ್ನ ಕೈಯಿಂದ ಇಷ್ಟು ವರ್ಷ ಹಚ್ಚಿಸಿಕೊಂಡವನಲ್ಲ ಆ ಮನುಷ್ಯ.

ಕಷಾಯ ತಂದ ನಮ್ಮನೆಯವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು ನೋಡಿದರು.

"ಭಾಳ ಛಂದ ಇಟ್ಟಾಳಲ್ಲ ಈ ಹುಡುಗಿ. ಎಷ್ಟ್ ಗುಂಡಗ ಬಂದಾವ ನೋಡು ಬೊಟ್ಟು."

"ನನಗ ಜ್ವರ ಬಂದದರೀ," ಅಂದೆ. "ನಿಮಗ ಬೊಟ್ಟು ಕಾಣಸ್ತದ."

ಹಾಸಿಗೆಯಲ್ಲಿ ಮಲಗಿ ಆ ಫೋಟೋಗಳನ್ನು ಎಷ್ಟು ಸಲ ನೋಡಿದೆನೋ. ಒಂದಾದರೂ ಬೊಟ್ಟು ಸೊಟ್ಟಗಿದೆಯೇ ಎಂದು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಒಂದೂ ಸೊಟ್ಟಗಿರಲಿಲ್ಲ.

ಆ ಗಾಡಿಗಳಲ್ಲಿ ಒಂದು ಶೈಲಜಾಳದ್ದು. ಶೈಲಜಾ ಮಂಗಳೂರು ಕಡೆಯ ನರ್ಸು, ನಮ್ಮನೆಯವರ ಆಸ್ಪತ್ರೆಯಲ್ಲೇ ಕೆಲಸ. ಬೆಳಗಿನ ಪಾಳಿಗೆ ಹೊತ್ತಿಗೆ ಸರಿಯಾಗಿ ಬಸ್ ಸಿಗುವುದಿಲ್ಲವೆಂದು ಅಗ್ಗದ ಹಳೆಯ ಚೀನೀ ಗಾಡಿ ಕೊಂಡಿದ್ದಳು. ಹಿಂದಿನ ಬ್ರೇಕಿಗೆಂದು ಬಿಟ್ಟು ಹೋದವಳು ಪೂಜೆಯ ದಿನ ಮಾಲೆ ಸಮೇತ ಒಯ್ದಳು. ನಾನು ಜ್ವರ ಬಿಟ್ಟು ಕೆಲಸಕ್ಕೆ ಹೋದ ದಿನವೇ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದಳು.

"ಎಂತ ಮಾರಾಯ್ರೆ ಸರೋಜಕ್ಕ, ಫೈವ್ ವೇಸ್ ರೌಂಡಬೌಟಿನ ನಡುವಲ್ಲಿ ನಿಂತೇ ಹೋಯ್ತು. ಹಿಂದಿಂದ ಲಾರಿ ಬರ್ತಾ ಉಂಟು. ನನ್ನ ಜೀವ ಬಾಯಿಗೆ ಬಂದಿತ್ತು."

"ಆಮ್ಯಾಲೆ?"

"ತಳ್ಳಿಕೊಂಡು ಬದಿಗೆ ತಂದೆ. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದ್ರೆ ಏನೂ ಆಗ್ಲೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯ್ತು. ಒಂದು ದಿನ ಅಲ್ಲ, ದಿನಾ ಹೀಗೇ."

ಡೆರೆಕ್ ಗಾಡಿಯನ್ನು ಒಳಗೆ ತೆಗೆದುಕೊಂಡ. ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ನೋಡಿದ, ಮುಚ್ಚಿದ, ಸ್ಟಾರ್ಟ್ ಮಾಡಿ ರಸ್ತೆಯ ಕೊನೆಯವರೆಗೆ ಹೋಗಿ ಬಂದ. ಗಾಡಿ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಕಾರ್ಬುರೇಟರ್ ಸವೆದಿರಬೇಕು ಅಂದ ಅವನು.

ಕಾರ್ಬುರೇಟರ್! ನಾನು ಗೋಡೆಗೆ ಹಾರಿದೆ, ಪಲ್ಲವಿ ಫೋನಿಗೆ. ನನ್ನ ಗೋಡೆಯಲ್ಲಿ ಅಂಥದ್ದೇ ಒಂದು ನೇತಾಡುತ್ತಿತ್ತು, ಪಕ್ಕದಲ್ಲಿ ಯಾವುದು ಕೂರುತ್ತದೆಂದು ಬರೆದಿತ್ತು. ಮಧ್ಯಾಹ್ನದೊಳಗೆ ಸ್ಮೆಥಿಕ್‌ನಿಂದ ತಂದೇಬಿಟ್ಟೆ. "ಚೀನಾದಿಂದ ಬರೋದಕ್ಕ ಹಡಗು ಹತ್ತಬೇಕು, ನನ್ನದು ಬಸ್ಸು ಹತ್ತಿ ಬಂತು" ಎಂದು ಪಲ್ಲವಿಗೆ ಕೇಳಿಸುವ ಹಾಗೆ ಶೈಲಜಾಳಿಗೆ ಹೇಳಿದೆ. ಮೂರನೆಯ ದಿನ ಗಾಡಿ ಅದೇ ರೌಂಡಬೌಟಿನಲ್ಲಿ ನಿಂತಿತು.

ಈಗ ಪಲ್ಲವಿಯ ಸರದಿ. ಕಾಯಿಲ್ ಬಿಸಿಯಾಗಿ ಕಿಡಿ ನಿಲ್ಲುತ್ತಿರಬೇಕು, ತಣ್ಣಗಾದ ಮೇಲೆ ಸರಿಹೋಗುತ್ತದೆ ಎಂದು ಅವಳ ವಾದ. ಮಾತು ಹೊಂದುತ್ತಿತ್ತು, ಅದೇ ನನಗೆ ಹೆಚ್ಚು ಸಂಕಟ. ಅದೆಲ್ಲಿಂದಲೋ ಕಾಯಿಲ್ ತರಿಸಿದಳು. ಕೂರಿಸಿದ್ದಾಯಿತು, ಮುಚ್ಚಳ ತೆಗೆದು ಪೆಟ್ರೋಲ್ ನೋಡಿ ಓಡಿಸಿದ್ದಾಯಿತು, ಗಾಡಿ ಚೆನ್ನಾಗಿ ಹೋಯಿತು. ಅದು ಸರಿಹೋಗದಿರಲಪ್ಪಾ ಎಂದು ನಾನು ಬೆಳಗ್ಗೆ ದೇವರ ಮುಂದೆ ನಿಂತು ಬೇಡಿಕೊಂಡೆ. ದೇವರು ಕೇಳಿದ. ಶೈಲಜಾ ಮರುದಿನ ಪಾಳಿಗೆ ತಡವಾಗಿ ಹೋಗಿ ಮೇಲಿನವರಿಂದ ಬೈಸಿಕೊಂಡಳು.

ಆಮೇಲೆ ನಾನು ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ಬದಲಾಯಿಸಿದೆ. ಅವಳು ಕಾಯಿಲಿಗೆ ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿಸಿದಳು. ನಾನು ಪೈಪು, ಅವಳು ಪ್ಲಗ್ಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಇಬ್ಬರೂ ಆ ಬಡಪಾಯಿ ಗಾಡಿಗೆ ಬರೆ ಎಳೆದದ್ದೇ ಎಳೆದದ್ದು. ಹಳೆಯ ಸಾಮಾನಿಗೆ ಮೊಳೆ ಸಾಲದಾಯಿತು. ಕೊನೆಗೆ ಶೈಲಜಾ ಕೌಂಟರಿನ ಮೇಲೆ ಕೀಲಿ ಇಟ್ಟಳು.

"ಅಕ್ಕ, ನೀವಿಬ್ರೂ ಜಗಳ ಮಾಡ್ಲಿಕ್ಕೆ ನನ್ನ ಗಾಡಿಯೇ ಬೇಕಿತ್ತಾ? ಇನ್ನೊಂದ್ಸಲ ಅಲ್ಲಿ ನಿಂತ್ರೆ ನಾನು ಇದನ್ನು ಅಲ್ಲಿಯೇ ಬಿಟ್ಟು ಹೋಗ್ತೇನೆ."

"ಜಗಳ ಎಲ್ಲದವ್ವಾ?" ಎಂದು ನಾನು, "ಅಯ್ಯೋ ಹಾಗೇನಿಲ್ಲ" ಎಂದು ಪಲ್ಲವಿ, ಇಬ್ಬರೂ ಒಟ್ಟಿಗೇ ಅಂದೆವು. ಡೆರೆಕ್ ಮೂಲೆಯಿಂದ ತಿರುಗಿ ನೋಡಿ, "ಈ ಗಾಡಿಯ ಗುಟ್ಟು ಯಾರು ಹಿಡಿಯುತ್ತಾರೋ ನೋಡೋಣ" ಅಂದ. ಅಷ್ಟೇ ಅಂದದ್ದು. ಆದರೆ ಹಿಡಿದವರಿಗೇ ಕೌಂಟರು ಎಂಬ ಮುಂದಿನ ಮಾತು ನಮ್ಮಿಬ್ಬರಿಗೂ ತಿಳಿಯಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಹೊಸ ಎಣ್ಣೆ ಡಬ್ಬಿ ಒಡೆಯುತ್ತಿದ್ದೆ. ಗಮನ ಎಲ್ಲೋ ಇತ್ತು, ಒಂದೇ ತೂತು ಮಾಡಿ ಬಗ್ಗಿಸಿದೆ. ಎಣ್ಣೆ ಸ್ವಲ್ಪ ಬಂತು, ನಿಂತಿತು. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು ಎಂಬುದು ಅಡುಗೆ ಮಾಡುವ ಯಾರಿಗಾದರೂ ಗೊತ್ತು. ಎರಡನೆಯ ತೂತು ಹೊಡೆಯಲು ಕೈ ಎತ್ತಿದವಳು ಹಾಗೇ ನಿಂತೆ. ಕಣ್ಣ ಮುಂದೆ ಬಂದದ್ದು ಪಲ್ಲವಿಯ ಬೊಟ್ಟು.

ಕೈ ಒರೆಸಿಕೊಂಡು ಫೋನ್ ತೆಗೆದೆ. ಶೈಲಜಾಳ ಗಾಡಿಯ ಫೋಟೋ ಹಿಗ್ಗಿಸಿದೆ. ಪೆಟ್ರೋಲ್ ಮುಚ್ಚಳದ ನಟ್ಟನಡುವೆ ಗುಂಡಗೆ, ದಪ್ಪಗೆ ಗಂಧ, ಅದರ ಮೇಲೆ ಕುಂಕುಮ. ಆ ಮುಚ್ಚಳದ ನಡುವೆಯೇ ಸೂಜಿಮೊನೆಯಷ್ಟು ಸಣ್ಣ ತೂತಿರುತ್ತದೆ. ಪೆಟ್ರೋಲ್ ಇಳಿದ ಹಾಗೆಲ್ಲ ಗಾಳಿ ಅದರೊಳಗೆ ಹೋಗಬೇಕು. ಗಂಧ ಅದರೊಳಗಿಳಿದು ಒಣಗಿ ಕಲ್ಲಾಗಿತ್ತು. ಗಾಡಿ ಫೈವ್ ವೇಸ್ ತಲುಪುವಷ್ಟರಲ್ಲಿ ಟ್ಯಾಂಕಿಗೆ ಉಸಿರು ಕಟ್ಟುತ್ತಿತ್ತು. ಬದಿಗೆ ನಿಲ್ಲಿಸಿದರೆ ಹೇಗೋ ಸ್ವಲ್ಪ ಗಾಳಿ ಸೇರಿ ಮತ್ತೆ ಓಡುತ್ತಿತ್ತು. ವರ್ಕ್‌ಶಾಪಿನಲ್ಲೋ, ನಾವು ಪ್ರತಿ ಸಲ ಮುಚ್ಚಳ ತೆಗೆದು ನೋಡಿ ನಾವೇ ಅದಕ್ಕೆ ಗಾಳಿ ಕುಡಿಸುತ್ತಿದ್ದೆವು. ರೋಗ ಅಲ್ಲಿ ಕಾಣುವುದಾದರೂ ಹೇಗೆ? ಕಾರ್ಬುರೇಟರ್, ಕಾಯಿಲ್, ನಲ್ಲಿ, ಪೈಪು, ಎಲ್ಲಾ ಅಗೆದು ಸಿಕ್ಕಿದ್ದು ಒಂದು ಇಲಿ.

ನನಗಾದ ಸಂತೋಷ ಹೇಳತೀರದು. ಹೊಟ್ಟೆಕಿಚ್ಚಿನಿಂದ ಆ ಬೊಟ್ಟುಗಳನ್ನು ಅಷ್ಟು ಸಲ ನೋಡದೇ ಇದ್ದಿದ್ದರೆ ನನಗೆ ಅದು ಹೊಳೆಯುತ್ತಲೇ ಇರಲಿಲ್ಲ. ಸಾತ್ವಿಕರಾಗಿದ್ದವರಿಗೆ ಈ ರಿಪೇರಿ ಸಾಧ್ಯವಿರಲಿಲ್ಲ.

ಮರುದಿನ ಸೀರೆಯ ಪಿನ್ನೊಂದನ್ನು ಒಯ್ದೆ. ಶೈಲಜಾಳನ್ನು ಕರೆಸಿದೆ, ಡೆರೆಕ್ ಕೈ ತೊಳೆದು ಬರುವವರೆಗೆ ಕಾದೆ, ಚಹಾ ಕುಡಿಯುತ್ತಿದ್ದ ಇಬ್ಬರು ಗಿರಾಕಿಗಳನ್ನೂ ಹತ್ತಿರ ಕರೆದೆ. ಎಲ್ಲರೂ ನೋಡುತ್ತಿದ್ದಂತೆ ಮುಚ್ಚಳದ ತೂತಿನಿಂದ ಒಣಗಿದ ಗಂಧ ಕುಕ್ಕಿ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದೆ. "ಗಾಡಿಗೆ ಏನೂ ಆಗಿರಲಿಲ್ಲ. ಇದು ಪಲ್ಲವಿ ಮಾಡಿದ ಪೂಜೆಯ ಫಲ" ಎಂದು ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಹೇಳಿದೆ. ಕಣ್ಣ ಅಂಚಿನಲ್ಲಿ ಅವಳ ಮುಖ ನೋಡುತ್ತಿದ್ದೆ. ಕೆಂಪಾಯಿತು. ಆಹಾ, ಕುಂಕುಮದ ಹಾಗೇ ಕೆಂಪಾಯಿತು.

ಆಮೇಲೆ ಅವಳು ನಕ್ಕುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಂಟಿ, ಸೂಪರ್! ನೀವಿಲ್ದೇ ಇದ್ದಿದ್ರೆ ನಾನು ಹೊಸ ಎಂಜಿನ್ನೇ ತರಿಸ್ಬಿಡ್ತಿದ್ದೆ" ಎಂದು ನನ್ನನ್ನು ತಬ್ಬಿಕೊಂಡಳು. "ಶೈಲಜಾ, ಸಾರಿ ಕಣ್ರೀ, ದೇವರ ಹೆಸರಲ್ಲಿ ನಿಮ್ಮನ್ನೇ ದೇವರ ಹತ್ರ ಕಳಿಸ್ತಿದ್ದೆ" ಅಂದಳು. ಶೈಲಜಾಳೂ ನಕ್ಕಳು. ಗಿರಾಕಿಗಳು ನಕ್ಕರು. ನೋಡನೋಡುತ್ತ ಎಲ್ಲರೂ ಅವಳ ಸುತ್ತ ನಿಂತಿದ್ದರು, ನಾನು ಅಂಗೈ ಚಾಚಿಕೊಂಡು ಈಚೆ ನಿಂತಿದ್ದೆ. ತಪ್ಪು ಮಾಡಿಯೂ ಮುದ್ದಾಗುವುದು ಹೇಗೆ ಎಂಬ ವಿದ್ಯೆ ನನಗೆ ಇವತ್ತಿಗೂ ಬಂದಿಲ್ಲ.

ಡೆರೆಕ್ ಸಂಜೆ ಬಾಗಿಲು ಎಳೆಯುವಾಗ, "ಕೌಂಟರ್ ನಿನ್ನದೇ, ಬ್ಯಾಬ್" ಅಂದ. ಗೆದ್ದೆ. ಚಳಿಗಾಲ ಮುಗಿದ ಮೇಲೆ ಪಲ್ಲವಿ ಎಲ್ಲರಿಗೂ ಬೇಸನ್ ಲಾಡು ಹಂಚಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಲಾಡು ಹದವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಗೆದ್ದದ್ದು ಕೌಂಟರನ್ನು ಮಾತ್ರ. ಅವಳು ಸಟನ್ ಕೋಲ್ಡ್‌ಫೀಲ್ಡ್‌ನ ಮನೆಯ ಗ್ಯಾರೇಜಿನಲ್ಲೇ ಚೀನೀ ಗಾಡಿಗಳ ಪಾರ್ಟು ಮಾರಲು ಶುರು ಮಾಡಿದಳು. ವರ್ಷ ಕಳೆಯುವಷ್ಟರಲ್ಲಿ ಮಳಿಗೆ ಹಿಡಿದಳು. ಮ್ಯಾಂಚೆಸ್ಟರ್, ಲೀಡ್ಸ್ ಕಡೆಯವರೂ ಅವಳಿಗೇ ಫೋಟೋ ಕಳಿಸುತ್ತಿದ್ದರು. ನನ್ನ ಕಮಾನಿನಲ್ಲಿ ಮೇಲಿನ ರೈಲಿನ ಸದ್ದು ಚೆನ್ನಾಗಿ ಕೇಳತೊಡಗಿತು. ಬಂದ ಒಬ್ಬಿಬ್ಬರೂ, "ಪಲ್ಲವಿ ಹೇಳಿದಳು, ಇದು ನಿಮ್ಮ ಗೋಡೆಯ ಮೇಲೆ ಸಿಗಬಹುದಂತೆ" ಎಂದು ಅವಳ ಹೆಸರು ಹೇಳಿಕೊಂಡೇ ಬರುತ್ತಿದ್ದರು. ನನ್ನ ಕೌಂಟರಿಗೆ ಅವಳು ಗಿರಾಕಿ ಕಳಿಸಬೇಕೇ? ಬೇಡ ಅನ್ನಲೂ ಆಗದು, ಬಾ ಅನ್ನಲೂ ಆಗದು. ಪಾರ್ಟು ಕೊಟ್ಟು ಕಳಿಸುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಅವ್ವ ಅನ್ನುತ್ತಿದ್ದಳು. ಅತ್ತೆಯ ಕಾಲ ಯಾವಾಗ ಮುಗಿಯಿತು ಎಂದು ಅತ್ತೆಗೆ ಯಾರೂ ಹೇಳುವುದಿಲ್ಲ.

ಡೆರೆಕ್‌ಗೆ ಮೊಣಕಾಲು ಕೈಕೊಟ್ಟಿತು, ವರ್ಕ್‌ಶಾಪ್ ಮುಚ್ಚಿದ. ಅವನೊಂದಿಗೆ ನಾನೂ ನಿವೃತ್ತಳಾದೆ. ಸಾಮಾನು ಖಾಲಿ ಮಾಡುವ ದಿನ ಪಲ್ಲವಿ ವ್ಯಾನ್ ತಂದಳು. "ಆಂಟಿ, ಗೋಡೆ ನಂಗೆ ಕೊಡ್ತೀರಾ? ಒಂದು ಮೊಳೇನೂ ಆಚೀಚೆ ಮಾಡಲ್ಲ" ಅಂದಳು. ಕೊಡುವುದಿಲ್ಲ ಎಂದೇ ಬಾಯಿಗೆ ಬಂತು. ಆದರೆ ಹಾರ್ಬೋರ್ನ್ ಮನೆಯ ಹಜಾರದಲ್ಲಿ ಸತ್ತ ಕಾರ್ಬುರೇಟರ್ ತೂಗುಹಾಕಲು ನಮ್ಮನೆಯವರು ಬಿಡುತ್ತಾರೆಯೇ? ಕೊಟ್ಟೆ. ಹಲಗೆ ವ್ಯಾನಿಗೆ ಏರುವಾಗ ಕಣ್ಣಲ್ಲಿ ನೀರು ಬಂತು. ಧೂಳು ಅಂದೆ.

ಈ ವರ್ಷದ ಆಯುಧಪೂಜೆಗೆ ಅವಳು ತನ್ನ ಮಳಿಗೆಗೆ ಕರೆದಳು. ಹೋದೆ. ಗೋಡೆ ನಿಜವಾಗಿಯೂ ಹಾಗೇ ಇತ್ತು, ಒಂದು ಮೊಳೆಯೂ ಆಚೀಚೆ ಆಗಿರಲಿಲ್ಲ. ನನ್ನ ಸೀಮೆಸುಣ್ಣದ ಅಕ್ಷರಗಳನ್ನು ಅಳಿಸಿಹೋಗದಂತೆ ಬಿಳಿ ಬಣ್ಣದಲ್ಲಿ ತಿದ್ದಿದ್ದಳು. ಗಂಧದ ಬಟ್ಟಲು ನನ್ನ ಕೈಗಿಟ್ಟು, "ನೀವೇ ಮಾಡಿ ಆಂಟಿ, ನನ್ನ ಪೂಜೆ ನಿಮಗೆ ಗೊತ್ತಲ್ಲ" ಎಂದು ಕಣ್ಣು ಮಿಟುಕಿಸಿದಳು. ಗಿರಾಕಿಗಳು ತಂದು ಸಾಲಾಗಿ ನಿಲ್ಲಿಸಿದ್ದ ಗಾಡಿಗಳಿಗೆ ನಾನು ಒಂದೊಂದಾಗಿ ಬೊಟ್ಟಿಟ್ಟೆ. ಮುಚ್ಚಳದ ನಡುವಿನ ತೂತು ಬಿಟ್ಟು ಅಂಚಿಗೆ ಇಟ್ಟೆ. ಉಸಿರು ಹಿಡಿದು ಗುಂಡಗೆ, ಅವಳ ಬೊಟ್ಟಿಗಿಂತ ಗುಂಡಗೆ, ಅವಳ ಬೊಟ್ಟಿಗಿಂತ ದಪ್ಪಗೆ ಇಟ್ಟೆ.

ಮನೆಗೆ ಬರುವಷ್ಟರಲ್ಲಿ ಫೋಟೋಗಳು ಬಂದಿದ್ದವು. ನಮ್ಮನೆಯವರು ಕನ್ನಡಕ ಹಾಕಿಕೊಂಡು ನೋಡಿದರು.

"ಪಲ್ಲವಿ ಕೈ ಅಂದ್ರ ಕೈ ನೋಡು. ಏನ್ ಛಂದ ಇಟ್ಟಾಳ."

"ಅವು ನಾ ಇಟ್ಟದ್ದು!"

ಅವರು ಫೋಟೋ ನೋಡಿದರು, ನನ್ನ ಬೆರಳು ನೋಡಿದರು. "ಹೌದೇನು?" ಅಂದರು. ಆ 'ಹೌದೇನು' ಇನ್ನೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಎರಡು ದಿನ ಬಿಟ್ಟು ಪಲ್ಲವಿ ಫೋನ್ ಮಾಡಿದಳು. ದನಿ ತಗ್ಗಿಸಿ ಮಾತಾಡಿದಳು, ಪಕ್ಕದಲ್ಲಿ ಯಾರೋ ಇದ್ದಿರಬೇಕು.

"ಆಂಟಿ, ಆ ಕೆಂಪು ಗಾಡಿ ಇತ್ತಲ್ಲ, ದಾರೀಲಿ ನಿಂತುಹೋಯ್ತಂತೆ. ಅದರದ್ದು ತೂತು ಮಧ್ಯದಲ್ಲಿಲ್ಲ, ಅಂಚಲ್ಲಿದೆ. ಬೇರೆ ಕಾರ್ಖಾನೆದು. ಪಿನ್ ಹಾಕಿ ತೆಗ್ದೆ, ಸರಿಹೋಯ್ತು. ತೂತಲ್ಲಿ ಕಸ ಸಿಕ್ಕೊಂಡಿತ್ತು ಅಂತ ಗಿರಾಕಿಗೆ ಹೇಳಿದೀನಿ. ಯಾರಿಗೂ ಹೇಳಿಲ್ಲ, ಟೆನ್ಷನ್ ತಗೋಬೇಡಿ."

ಫೋನ್ ಇಟ್ಟೆ. ಅವಳ ತಪ್ಪನ್ನು ನಾನು ಊರು ಕೂಡಿಸಿ, ಎರಡು ಭಾಷೆಯಲ್ಲಿ ಸಾರಿದ್ದೆ. ನನ್ನದನ್ನು ಅವಳು ಕಸ ಎಂದು ಹೇಳಿ ಒರೆಸಿ ಹಾಕಿದಳು. ಸ್ವಿಚ್ಚು ಹುಡುಕಿದ್ದಕ್ಕೆ, ಬ್ಯಾಬ್ ಅನ್ನಿಸಿಕೊಂಡದ್ದಕ್ಕೆ, ಗುಂಡನೆಯ ಬೊಟ್ಟಿಗೆ, ಹದವಾದ ಲಾಡಿಗೆ ಉರಿದ ಹೊಟ್ಟೆ ಇದಕ್ಕೆ ಉರಿದಷ್ಟು ಯಾವುದಕ್ಕೂ ಉರಿದಿಲ್ಲ. ನನ್ನ ತಪ್ಪನ್ನು ಮುಚ್ಚಿಟ್ಟ ಆ ದೊಡ್ಡತನವನ್ನಾದರೂ ಅವಳಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಆ ಕೆಂಪು ಗಾಡಿಯನ್ನು ನಿಲ್ಲಿಸಿದ್ದು ನನ್ನ ಬೊಟ್ಟು ಎಂದು ನಾನೇ ಎಲ್ಲರಿಗೂ ಹೇಳಿಬಿಟ್ಟೆ.